ನೀರಿಗಿಳಿಯುವ ಗಾಡಿಯೂ ನಮ್ಮ ಹೊಳೆಯೂ

ಕುದುರೆಮುಖದ ಬುಡದ ದಿಡುಪೆ, ಕಾಜೂರು ಕಡೆಯವರಾದ ನಮಗೆ ಗಾಳ ಹಾಕಲು ಹೋಗುವುದಿದ್ದರೂ ಜೀಪೇ. ಆದರೆ ಹೊಳೆಯ ಮಟ್ಟಿಗೆ ಜೀಪಿಗೊಂದು ಮಿತಿ ಉಂಟು. ನೀರು ಬಂಪರ್ ಮುಟ್ಟಿದರೆ ಫ್ಯಾನ್ ಬೆಲ್ಟ್ ಕಳಚಬೇಕು. ಇಲ್ಲದಿದ್ದರೆ ಫ್ಯಾನ್ ಇಂಜಿನ್ನಿಗೆಲ್ಲ ನೀರೆರಚುತ್ತದೆ, ರೆಕ್ಕೆ ಬಾಗಿ ರೇಡಿಯೇಟರಿಗೆ ತಾಗುವುದೂ ಉಂಟು. ಮನೆಗೆ ಬಂದ ಮೇಲೆ ಆಕ್ಸಲ್ ಹೌಸಿಂಗಿನ ಬೋಲ್ಟ್ ಬಿಚ್ಚಿ ನೋಡಬೇಕು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದು ಲೆಕ್ಕ. ಪೂರ್ತಿ ಬದಲಾಯಿಸದೆ ಗತಿಯಿಲ್ಲ.

ಇದೆಲ್ಲ ನೋಡಿಯೇ ಇರಬೇಕು, ಅಕ್ಕನ ಮಗ ಮೊಬೈಲಿನಲ್ಲಿ ಕೆನಡಾದ ವಿಡಿಯೊ ತೋರಿಸಿದ. ಆರು ಚಕ್ರದ ಗಾಡಿಯೊಂದು ಕಾಡಿನಿಂದ ಬಂದು ನೇರ ಸರೋವರಕ್ಕಿಳಿಯಿತು. ಕುಳಿತವರು ನೀರಿನ ನಡುವೆ ಗಾಳ ಎಸೆದರು. "ಮಾಮ, ಇಂಥದ್ದೊಂದು ಇದ್ರೆ ನೇತ್ರಾವತಿ ಇಡೀ ನಮ್ದೇ ಅಲ್ವಾ?" ಎಂದ.

ಈ ಗಾಡಿಗಳು ಕೆನಡಾದಲ್ಲಿ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ. ಮೊದಲು ಜಿಗರ್ ಎಂಬುದು ಬಂತು. 1967ರಲ್ಲಿ ಶುರುವಾದ ಆರ್ಗೋ ಈಗಲೂ ತಯಾರಾಗುತ್ತಿದೆ. ಮೈಯೆಲ್ಲ ನೀರು ಹೊಗದ ಪ್ಲಾಸ್ಟಿಕ್ ತೊಟ್ಟಿ. ದಪ್ಪ ಟಯರುಗಳಲ್ಲಿ ಗಾಳಿ ತೀರಾ ಕಡಿಮೆ, ಆದ್ದರಿಂದ ಕೆಸರಿನಲ್ಲಿ ಹೂತುಹೋಗುವುದಿಲ್ಲ. ಮುಂದಿನ ಚಕ್ರ ಹೊರಳುವುದಿಲ್ಲ; ಒಂದು ಬದಿಯ ಚಕ್ರಗಳನ್ನು ತಡೆದರೆ ಗಾಡಿ ಆ ಬದಿಗೆ ತಿರುಗುತ್ತದೆ. ನೀರಿಗಿಳಿದರೆ ಅದೇ ಟಯರುಗಳ ಕಚ್ಚುಗಳು ಹುಟ್ಟಿನ ಕೆಲಸ ಮಾಡುತ್ತವೆ. ನೀರಿನಲ್ಲಿ ಇದರ ಓಟ ಗಂಟೆಗೆ ನಾಲ್ಕೈದು ಕಿ.ಮೀ. ಮಾತ್ರ, ನಾವು ನಡೆಯುವಷ್ಟೇ. ದಾರಿಯೇ ಇಲ್ಲದ ಜೌಗು, ಅದರಾಚೆ ನಿಂತ ನೀರಿನ ಸರೋವರ ಇರುವ ಆ ನಾಡಿಗೆ ಅಷ್ಟು ಸಾಕು.

ನಮ್ಮ ನೇತ್ರಾವತಿಯ ಕತೆಯೇ ಬೇರೆ. ಕುದುರೆಮುಖದ ಮಲೆಯಿಂದ ಧುಮುಕಿ ಬರುವ ಈ ಹೊಳೆ ಮಳೆಗಾಲದಲ್ಲಿ ಗಾಡಿಯ ವೇಗವನ್ನು ಎಲ್ಲೋ ಮೀರಿರುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ಮಲವಂತಿಗೆ ಕಡೆ ಹೊಳೆಗಳು ಮರದ ದಿಮ್ಮಿಗಳನ್ನೇ ಹೊತ್ತು ತಂದು ತೋಟಗಳಿಗೆ ಮರಳು ತುಂಬಿದವು. ಅಂಥ ನೀರಿನಲ್ಲಿ ತೇಲುವ ತೊಟ್ಟಿ ಹೊಳೆ ಹೇಳಿದಲ್ಲಿಗೆ ಹೋದೀತೇ ಹೊರತು ನಾವು ಹೇಳಿದಲ್ಲಿಗಲ್ಲ. ಬೇಸಿಗೆಯಲ್ಲೋ, ಬಂಡೆಗಳ ನಡುವೆ ಅಲ್ಲಲ್ಲಿ ಒಂದೊಂದು ಗುಂಡಿ. ಗಾಳ ಹಾಕಲು ಬಂಡೆಯೇ ಒಳ್ಳೆಯ ಆಸನ. ಮೇಲಿನ ಕಾಡು 1987ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ಗಾಳಕ್ಕೂ ಗಾಡಿಗೂ ಅವಕಾಶವಿಲ್ಲ. ಶಿಶಿಲದಲ್ಲೂ ಗಾಳ ಹಾಕುವಂತಿಲ್ಲ, ಅಲ್ಲಿನ ಕಪಿಲಾ ಹೊಳೆಯ ಪೆರುವೊಳು ದೇವರ ಮೀನು. 1996ರಲ್ಲಿ ಯಾರೋ ವಿಷ ಹಾಕಿ ಅವನ್ನು ಕೊಂದಾಗ ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿಸಿದರು.

ನಿಂತ ನೀರು ಬೇಕೆಂದರೆ ಬಂಟ್ವಾಳದ ತುಂಬೆ ಅಣೆಕಟ್ಟಿನ ಹಿನ್ನೀರು ಇದೆ, ಮೂಡುಬಿದಿರೆಯ ಕಡಲಕೆರೆ ಇದೆ. ತುಂಬೆಯದು ಮಂಗಳೂರಿನವರು ಕುಡಿಯುವ ನೀರು, ಅಲ್ಲಿ ಇಂಜಿನ್ ಎಣ್ಣೆ ಚೆಲ್ಲಬಾರದು. ಕೆರೆಗಾದರೆ ದೋಣಿಯೇ ಧಾರಾಳ.

ಇನ್ನೊಂದು ಮಾತು. ನಮ್ಮಲ್ಲಿ ಮೀನನ್ನು ಹುಡುಕಿಕೊಂಡು ಹೋಗಬೇಕೆಂದೇ ಇಲ್ಲ. ಜೂನಿನ ಮೊದಲ ಜಡಿಮಳೆಗೆ ಮುಗುಡು ಮೊದಲಾದವು ಮೊಟ್ಟೆಯಿಡಲು ತೋಡು ಹತ್ತಿ ಗದ್ದೆಗೇ ಬರುತ್ತವೆ. ಅದೇ ಉಬರ್. ಟಾರ್ಚು, ಕತ್ತಿ ಹಿಡಿದು ಹೊರಟರೆ ರಾತ್ರಿ ಬೆಳಗಾಗುವುದರೊಳಗೆ ಸಾರಿಗೆ ಸಾಕಷ್ಟು ಸಿಗುತ್ತದೆ. ಸಿಕ್ಕಿದ್ದರ ಹೊಟ್ಟೆ ಸೀಳಿದರೆ ತುಂಬ ಮೊಟ್ಟೆ. ಕತ್ತಿಯಿಂದಲೇ ಇಷ್ಟು ನಷ್ಟವಾಗುವ ಗದ್ದೆ ತೋಡುಗಳಲ್ಲಿ ಆರು ಚಕ್ರ ಉರುಳಿಸಿದರೆ ಮುಂದಿನ ವರ್ಷ ಬರಲು ಮೀನೆಲ್ಲಿ?

ಹಾಗೆಂದು ಗಾಡಿಯನ್ನೇ ಬೇಡವೆನ್ನಲಾರೆ. ನಮ್ಮ ಸೇನೆಯಲ್ಲಿ ಏಟರ್ ಎನ್1200 ಎಂಬ ಇದರ ದೊಡ್ಡಣ್ಣ ಇದ್ದಾನೆ. ನೆಲದ ಮೇಲೆ ಗಂಟೆಗೆ 40, ನೀರಿನಲ್ಲಿ 6 ಕಿ.ಮೀ. ಓಡುತ್ತಾನೆ. 2025ರ ಆಗಸ್ಟಿನ ನೆರೆಯಲ್ಲಿ ಪಂಜಾಬಿನ ಅಮೃತಸರ ಕಡೆ ಸಿಕ್ಕಿಬಿದ್ದವರನ್ನು ತರಲು ಅವನನ್ನು ಇಳಿಸಿದ್ದರು. 1923ರ ಮಾರಿಬೊಳ್ಳ ಎಂಬ ಮಹಾನೆರೆ, 1974ರ ನೆರೆ ಕಂಡ ಬಂಟ್ವಾಳದಲ್ಲಿ ಹೊಳೆಯ ಸೆಳೆತ ಪೇಟೆಯೊಳಗೆ ಬಂದು ನಿಂತ ನೀರಾಗುತ್ತದೆ. ಅಗ್ನಿಶಾಮಕ ದಳದವರಿಗೆ ಅಂಥದ್ದೊಂದು ಸಿಕ್ಕಿದರೆ ಚಾಲಕನಾಗಲು ನಾನು ತಯಾರು. ಗಾಳಕ್ಕೆ ಮಾತ್ರ ಅಳಿಯನನ್ನು ನಡೆಸಿಕೊಂಡೇ ಹೋಗುತ್ತೇನೆ.