ಮುದುಕರ ಮನೆಗೂ ಮುಯ್ಯಾಳು ಹೋಗೋಣ



ನಾಟಿಯ ಕಾಲದಲ್ಲಿ, ಕಳೆ ಕೀಳುವ ಕಾಲದಲ್ಲಿ ನಾವು ಮುಯ್ಯಾಳು ಹೋಗುವುದುಂಟು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಕೂಲಿಯ ಮಾತಿಲ್ಲ. ಆದರೆ ಎಪ್ಪತ್ತು ದಾಟಿದವರ ಮನೆಗೆ ಯಾರೂ ಮುಯ್ಯಾಳು ಹೋಗುವುದಿಲ್ಲ. ಅವರು ಹಿಂದಿರುಗಿಸಲಾರರಲ್ಲ! ನಮ್ಮ ತಂದೆ ತಾತಂದಿರ ಹೊಲದಲ್ಲಿ ಅವರು ಮುಯ್ಯಿ ಮಾಡಿಟ್ಟದ್ದು ನಮಗೆ ನೆನಪಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ವಲಯದ ಒಂದು ಹಳ್ಳಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಊರ ಕೊನೆಯ ಹೆಂಚಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡಿದ್ದಾರೆ, ಮಗ ಬೆಂಗಳೂರಿನಲ್ಲಿ ಕೂಲಿ. ಬೀಜೋಪಚಾರದ ಪ್ರಾತ್ಯಕ್ಷಿಕೆಗೆಂದು ಆ ಮನೆಯ ಮುಂದೆ ನಾನು ಎಷ್ಟೋ ಸಲ ಹಾದುಹೋಗಿದ್ದೆ, ಒಳಗೆ ಇಣುಕಿದವನಲ್ಲ. ಒಂದು ದಿನ ಕುಡಿಯಲು ನೀರು ಕೇಳಿದಾಗ ವಿಷಯ ತಿಳಿಯಿತು. ಐದು ತಿಂಗಳಿನಿಂದ ಪಿಂಚಣಿ ಅವರ ಕೈಗೆ ಸೇರಿರಲಿಲ್ಲ. ಹಣ ಖಾತೆಗೆ ಬರುತ್ತಲೇ ಇತ್ತು. ಆದರೆ ಕಳೆ ಕಿತ್ತು, ರಾಗಿ ಬೀಸಿ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪುತ್ತಿರಲಿಲ್ಲ. ಎರಡು ಸಲ ನಡೆದುಹೋಗಿ ಬರಿಗೈಯಲ್ಲಿ ಬಂದ ಮೇಲೆ ಅವರು ಸುಮ್ಮನಾಗಿದ್ದರು. ದಿನಕ್ಕೆ ಒಂದೇ ಹೊತ್ತು ಅಂಬಲಿ. ರಕ್ತದೊತ್ತಡದ ಗುಳಿಗೆಯನ್ನೂ ಬಿಟ್ಟಿದ್ದರು. ಮಗನಿಗೆ ಚಿಂತೆಯಾದೀತೆಂದು ಅವನಿಗೂ ತಿಳಿಸಿರಲಿಲ್ಲ.

ಕಣ್ಣಿನ ಗುರುತಿನಿಂದಲೂ ಆಧಾರ್ ತಾಳೆ ನೋಡಬಹುದು. ಪಾಸ್ ಪುಸ್ತಕ ಹಿಡಿದು ಬ್ಯಾಂಕಿಗೇ ಹೋಗಿ ಹಣ ತೆಗೆಯಲೂ ಬಹುದು. ಇದನ್ನು ಹೇಳುವವರಿರಲಿಲ್ಲ. ಪಕ್ಕದ ಬೀದಿಯ ಹುಡುಗನೊಬ್ಬ ಮೋಟಾರ್ ಸೈಕಲಿನಲ್ಲಿ ಕರೆದೊಯ್ದ; ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಐದು ತಿಂಗಳ ಹಸಿವಿಗೆ ಬೇಕಾಗಿದ್ದುದು ಒಬ್ಬರ ಅರ್ಧ ದಿನ.

ಈಗ ಆ ಊರಿನ ಯುವಕರು ಐದು ಮಂದಿ ಸೇರಿ, ತಲೆಗೆ ಎರಡೆರಡು ಮನೆ ಹಂಚಿಕೊಂಡಿದ್ದಾರೆ. ವಾರಕ್ಕೊಮ್ಮೆ ಹೋಗಿ ಅರ್ಧ ಗಂಟೆ ಕೂರುತ್ತಾರೆ. ಗುಳಿಗೆ ಮುಗಿದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಂದುಕೊಡುತ್ತಾರೆ. ಬಚ್ಚಲಿನ ಕಲ್ಲಿಗೆ ಪಾಚಿ ಕಟ್ಟಿದ್ದರೆ ಉಜ್ಜುತ್ತಾರೆ. ಮುದಿ ವಯಸ್ಸಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಬಹಳ ಕಷ್ಟ. ಆದುದರಿಂದ ಇದನ್ನು ಚಿಲ್ಲರೆ ಕೆಲಸವೆಂದು ತಿಳಿಯಬೇಡಿರಿ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಕೊಡ ತುಂಬಿಟ್ಟರೆ ಸಾಲದು, ಕುಡಿದರೇ ಎಂದು ಕೇಳಬೇಕು.

ಆದರೆ ಪಾಸ್ ಪುಸ್ತಕವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ. ಹಣವನ್ನು ಅವರೆದುರೇ ಎಣಿಸಿ ಅವರ ಕೈಗೇ ಕೊಡಿರಿ. ಮಕ್ಕಳೊಡನೆ ಮಾತನಾಡುವಂತೆ ಮಾತನಾಡಬೇಡಿರಿ. ಹಳೆಯ ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡಬೇಕು, ಆರಿದರೆ ಒಳಗೆ ಉಸಿರಾಡಲು ಗಾಳಿಯಿಲ್ಲ ಎಂದು ನನಗೆ ಹೇಳಿಕೊಟ್ಟವರು ಈ ಅಜ್ಜಿಯೇ. ಡಿಪ್ಲೊಮಾ ತರಗತಿಯಲ್ಲಿ ನಾನು ಅದನ್ನು ಕಲಿತಿರಲಿಲ್ಲ.

ಇನ್ನು ಕಾನೂನಿನ ವಿಷಯ. ಸಂಧ್ಯಾ ಸುರಕ್ಷಾ ಯೋಜನೆ ನಮ್ಮ ರಾಜ್ಯದಲ್ಲಿ 2007ರಲ್ಲಿ ಬಂದಿತು. 65 ತುಂಬಿದ, ಕಡಿಮೆ ವರಮಾನದ ಸಣ್ಣ ರೈತರೂ ಕೃಷಿ ಕೂಲಿಗಳೂ ಇದಕ್ಕೆ ಅರ್ಜಿ ಹಾಕಬಹುದು. 2021ರಲ್ಲಿ ಇದರ ಮಾಸಾಶನವನ್ನು 1,200 ರೂಪಾಯಿಗೆ ಏರಿಸಲಾಯಿತು. ನೋಡಿಕೊಳ್ಳದ ಮಕ್ಕಳ ಮೇಲೆ 60 ದಾಟಿದ ತಂದೆತಾಯಿಗಳು 2007ರ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳಲ್ಲಿ ಜೀವನಾಂಶ ಕೇಳಬಹುದು. ಜಮೀನನ್ನು ಮಕ್ಕಳಿಗೆ ಬರೆದುಕೊಡುವವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಸೇರಿಸಲಿ. ಮಕ್ಕಳು ನಡೆಸಿಕೊಡದಿದ್ದರೆ ಆ ಪತ್ರವನ್ನು ರದ್ದುಪಡಿಸಲು ಅದೇ ಕಾಯಿದೆಯಲ್ಲಿ ದಾರಿಯುಂಟು. ಬಾಯಿಮಾತಿನ ಷರತ್ತನ್ನು ನಂಬಿ ಹೆಬ್ಬೆಟ್ಟು ಒತ್ತಬೇಡಿರಿ. ಸಲಹೆಗೆ 14567 ಎಂಬ ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು.

ಯುವಕ ಸಂಘದವರೂ ಮಹಿಳಾ ಮಂಡಳಿಯವರೂ ತಮ್ಮ ಊರಿನಲ್ಲಿ ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನು ಮಳೆಗಾಲಕ್ಕೆ ಮೊದಲೇ ಮಾಡಿ ನನಗೆ ತಿಳಿಸಿರಿ. ಬರುವ ಸೋಮವಾರ ಬೆಳಿಗ್ಗೆ ಆ ಅಜ್ಜಿಯ ಮನೆಯ ಹೆಂಚು ಕೈಯಾಡಿಸುವ ಕೆಲಸವಿದೆ. ಏಣಿ ಇರುವವರು ತರಬೇಕು.