ತೊಗಲಿಗೊಂದು ಹೊಲಿಗೆ, ಕೈಗೊಂದು ಹವ್ಯಾಸ

ಕೋಲಾರ ಚಿನ್ನದ ಗಣಿಯಲ್ಲಿ ಪಾಳಿಗೆ ಇಳಿಯುತ್ತಿದ್ದ ಕಾರ್ಮಿಕನಿಗೆ ಸೊಂಟದ ಬೆಲ್ಟು ಶೋಕಿಯ ವಸ್ತುವಾಗಿರಲಿಲ್ಲ. ಹೆಲ್ಮೆಟ್ಟಿನ ದೀಪಕ್ಕೆ ಕರೆಂಟು ಕೊಡುವ ಬ್ಯಾಟರಿ ತೂಗುತ್ತಿದ್ದುದು ಅದರಲ್ಲೇ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಂಥ ಕತ್ತಲಲ್ಲಿ ಬೆಲ್ಟು ಕಿತ್ತರೆ ಬೆಳಕೂ ಕೈಬಿಟ್ಟಂತೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಳು ಕೆಲಸಕ್ಕೆ, ಕಾಲೇಜಿಗೆ ಹೊರಟವರಿಂದ ತುಂಬಿದವು. ಅವರ ಸೊಂಟದಲ್ಲೂ ಬೆಲ್ಟು ಇದೆ. ಆದರೆ ಅಂಗಡಿಯ ಅಗ್ಗದ ಬೆಲ್ಟು ಅನೇಕ ವೇಳೆ ವರ್ಷ ತುಂಬುವುದರೊಳಗೆ ಈರುಳ್ಳಿಯಂತೆ ಸಿಪ್ಪೆ ಬಿಡುತ್ತದೆ. ಅದು ತೊಗಲಲ್ಲ, ಬಟ್ಟೆಗೋ ತೊಗಲಿನ ಪುಡಿಗೋ ಅಂಟಿಸಿದ ಪ್ಲಾಸ್ಟಿಕ್ ಪದರ. ಒಳ್ಳೆಯ ತೊಗಲಿನ ಬೆಲ್ಟು ಹತ್ತಾರು ವರ್ಷ ಬಾಳುತ್ತದೆ. ಅದನ್ನು ಮನೆಯಲ್ಲೇ, ನಾಲ್ಕಾರು ಉಪಕರಣಗಳಿಂದ, ಹೈಸ್ಕೂಲು ಮುಗಿಸಿದ ಯಾವ ಹುಡುಗ ಹುಡುಗಿಯೂ ರಜೆಯ ಎರಡು ದಿನಗಳಲ್ಲಿ ಮಾಡಬಹುದು.

ತಂಗಡಿ ಗಿಡದ ರಸಾಯನಶಾಸ್ತ್ರ

ಕೋಲಾರದ ಬಯಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ, ಅಂದರೆ ಆವರಿಕೆ ಗಿಡವನ್ನು ನೋಡದವರಿಲ್ಲ. ಇದರ ತೊಗಟೆಯೇ ಒಂದು ಕಾಲಕ್ಕೆ ದಕ್ಷಿಣ ಭಾರತದ ತೊಗಲಿಗೆ ಹದ ಕೊಡುತ್ತಿದ್ದುದು. ಹಸಿ ಚರ್ಮ ಎಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತಾಗುತ್ತದೆ. ತೊಗಟೆಯ ಒಗರಿನ ಅಂಶವಾದ ಟ್ಯಾನಿನ್ ಈ ಎಳೆಗಳನ್ನು ಹಿಡಿದುಕೊಂಡಾಗ ಕೊಳೆಯದ, ಬಾಗುವ ತೊಗಲು ಸಿದ್ಧ. ಕಡು ಚಹಾ ಕುಡಿದಾಗ ನಾಲಿಗೆ ಬಿಗಿದಂತಾಗುವುದೂ ಟ್ಯಾನಿನ್ನಿನ ಬಗೆಯ ಪದಾರ್ಥಗಳಿಂದಲೇ.

ಇನ್ನೊಂದು ದಾರಿ ಕ್ರೋಮ್ ಹದ. ತಿಂಗಳುಗಟ್ಟಲೆ ಕೆಲಸವನ್ನು ಕ್ರೋಮಿಯಂ ಲವಣಗಳು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಶೂ, ಕೈಚೀಲಗಳ ಮೆತ್ತನೆಯ ತೊಗಲು ಬಹುತೇಕ ಇದೇ. ಆದರೆ ಬೆಲ್ಟಿಗೆ ತೊಗಟೆಯ ಹದವೇ ಮೇಲು. ಅದು ಗಟ್ಟಿಯಾಗಿ ನಿಲ್ಲುತ್ತದೆ, ಅಂಚು ಉಜ್ಜಿದರೆ ಹೊಳೆಯುತ್ತದೆ.

ತೊಗಲಿನ ದೊಡ್ಡ ಊರುಗಳು ದೂರದಲ್ಲೇನೂ ಇಲ್ಲ. ಬಂಗಾರಪೇಟೆಯಲ್ಲಿ ಚೆನ್ನೈ ಕಡೆಯ ರೈಲು ಹತ್ತಿದರೆ ಜೋಲಾರ್‌ಪೇಟೆ ದಾಟಿ ವಾಣಿಯಂಬಾಡಿ, ಆಂಬೂರು ಸಿಗುತ್ತವೆ. ಪಾಲಾರ್ ನದಿಯೂ ಅತ್ತಲೇ ಹರಿಯುತ್ತದೆ. ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆ ಇದೇ ನದಿಯದು. ಕೆಳಗೆ ಅದೇ ನದಿಗೆ ಹದಗಾರಿಕೆಯ ಕೊಳಕು ಸೇರಿ ಬಾವಿಗಳು ಕೆಟ್ಟವು. ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತದ್ದು ಈ ಪ್ರಕರಣದಲ್ಲೇ. ಬೆಲ್ಟು ಹತ್ತು ವರ್ಷ ಬಾಳಿದರೆ ನದಿಗೂ ಅಷ್ಟು ಹೊರೆ ಕಡಿಮೆ.

ಅಳತೆಯೇ ಮೊದಲ ಪಾಠ

ತೊಗಲು ಕೊಳ್ಳುವಾಗ ಪ್ರಾಣಿಯ ಬೆನ್ನಿನ ಭಾಗವನ್ನೇ ಕೇಳಬೇಕು. ಅಲ್ಲಿ ಎಳೆಗಳು ಒತ್ತಾಗಿರುತ್ತವೆ. ಹೊಟ್ಟೆಯ ಭಾಗ ಅಗ್ಗ, ಆದರೆ ಎಳೆದಂತೆ ಉದ್ದವಾಗುತ್ತದೆ. ದಪ್ಪ ಮೂರೂವರೆಯಿಂದ ನಾಲ್ಕು ಮಿಲಿಮೀಟರ್, ಅಗಲ ಒಂದೂವರೆ ಇಂಚು ಇದ್ದರೆ ಸಾಕು.

ಹೊಸಬರು ಎಡವುವುದು ಉದ್ದದಲ್ಲಿ. ಪ್ಯಾಂಟಿನ ಸೈಜು ನಂಬಿ ಕತ್ತರಿಸಿದರೆ ಬೆಲ್ಟು ಗಿಡ್ಡವಾಗುತ್ತದೆ. ಸರಿಯಾದ ಕ್ರಮವೆಂದರೆ ದಿನಾ ಹಾಕುವ ಹಳೆಯ ಬೆಲ್ಟನ್ನು ಮೇಜಿನ ಮೇಲೆ ಹಾಸಿ, ಬಕಲ್ಲಿನ ಬಳಿ ತೊಗಲು ಮಡಚಿದ ಜಾಗದಿಂದ ನಿತ್ಯ ಬಳಸುವ ತೂತಿನವರೆಗೆ ಅಳೆಯುವುದು. ಅದು 32 ಇಂಚು ಎನ್ನಿ. ಬಕಲ್ಲಿಗೆ ಮಡಚಲು 3 ಇಂಚು, ತೂತಿನಿಂದಾಚೆ ತುದಿಗೆ 6 ಇಂಚು ಸೇರಿಸಿದರೆ ಒಟ್ಟು 41 ಇಂಚು. ಇಂಚಿಗೊಂದರಂತೆ ಐದು ತೂತು. ನಡುವಿನದು ನಿಮ್ಮದು, ಆಚೀಚೆಯವು ಹಬ್ಬದೂಟಕ್ಕೂ ಪರೀಕ್ಷೆಯ ನಿದ್ದೆಗೇಡಿಗೂ!

ಕತ್ತರಿಸಲು ಉಕ್ಕಿನ ಅಳತೆಪಟ್ಟಿ, ಹರಿತವಾದ ಕತ್ತಿ ಬೇಕು. ಮೊಂಡು ಕತ್ತಿಯೇ ಹೆಚ್ಚು ಅಪಾಯ, ಒತ್ತಿದಾಗ ಜಾರುತ್ತದೆ. ಕತ್ತಿಯ ದಾರಿಯಲ್ಲಿ ಬೆರಳು ಇರಬಾರದು, ಚಿಕ್ಕವರಿದ್ದರೆ ಪಕ್ಕದಲ್ಲಿ ದೊಡ್ಡವರಿರಬೇಕು.

ಎರಡು ಸೂಜಿ, ಒಂದು ದಾರ

ಬಕಲ್ಲಿನ ಕಡೆ ಮಡಚಿದ ತೊಗಲನ್ನು ಹೊಲಿಯುವುದು ಇಡೀ ಕೆಲಸದ ಸೊಗಸಾದ ಭಾಗ. ಉಳಿಯಿಂದ ಮೊದಲೇ ಸಮನಾಗಿ ರಂಧ್ರ ಚುಚ್ಚಿಕೊಳ್ಳಬೇಕು. ಹೊಲಿಗೆಯ ನಾಲ್ಕು ಪಟ್ಟು ಉದ್ದದ ದಾರಕ್ಕೆ ಜೇನುಮೇಣ ಸವರಿ, ಎರಡೂ ತುದಿಗೆ ಒಂದೊಂದು ಸೂಜಿ ಪೋಣಿಸಬೇಕು. ಪ್ರತಿ ರಂಧ್ರದಲ್ಲೂ ಎರಡೂ ಸೂಜಿಗಳು ಎದುರುಬದುರಾಗಿ ದಾಟುತ್ತವೆ. ಕುದುರೆಯ ಜೀನು ಹೊಲಿಯುತ್ತಿದ್ದುದು ಹೀಗೆಯೇ. ಹೊಲಿಗೆಯಂತ್ರದ ದಾರ ಒಂದೆಡೆ ತುಂಡಾದರೆ ಮುಂದಿನ ಹೊಲಿಗೆಗಳೂ ಸಡಿಲಾಗುತ್ತವೆ. ಇಲ್ಲಿ ಒಂದು ಎಳೆ ಸವೆದರೂ ಇನ್ನೊಂದು ಹಿಡಿದಿರುತ್ತದೆ.

ಕೊನೆಗೆ ಅಂಚನ್ನು ತುಸು ಒದ್ದೆ ಮಾಡಿ ನಯವಾದ ಮರದ ತುಂಡಿನಿಂದ ಬಿಸಿಯೇರುವಂತೆ ಉಜ್ಜಿದರೆ ಗಾಜಿನಂತೆ ಹೊಳೆಯುತ್ತದೆ.

ಕಪ್ಪು ಬಣ್ಣ ಬೇಕೇ? ಕಬ್ಬಿಣದ ಮೊಳೆಗಳನ್ನು ವಿನಿಗರ್‌ನಲ್ಲಿ ಕೆಲವು ದಿನ ನೆನೆಸಿ. ಅನಿಲ ಹೊರಡುವುದರಿಂದ ಬಾಟಲಿಯ ಮುಚ್ಚಳ ಬಿಗಿಯಬೇಡಿ, ಒಲೆಯ ಹತ್ತಿರವೂ ಇಡಬೇಡಿ. ಆ ನೀರು ಸವರಿದ ಸ್ವಲ್ಪ ಹೊತ್ತಿಗೆ ತೊಗಲು ತಾನಾಗಿ ಕಪ್ಪಾಗುತ್ತದೆ. ಕಬ್ಬಿಣವೂ ಟ್ಯಾನಿನ್ನೂ ಕೂಡಿದ ಫಲ ಅದು. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದರ ಗುಟ್ಟೂ ಇದೇ. ಬಳಿಕ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು.

ಬೆಟ್ಟಕ್ಕೆ ಹೊರಟಾಗ

ಬೆಲ್ಟು ಕೈಹಿಡಿದರೆ ಮುಂದಿನದು ತಾನೇ ಬರುತ್ತದೆ. ಕೋಲಾರದ ಅಂತರಗಂಗೆಯ ಬಂಡೆ ಗುಹೆಗಳಿಗೆ ಚಾರಣ ಹೊರಟವರಿಗೆ ಎರಡೂ ಕೈ ಖಾಲಿ ಇರಬೇಕು. ನೀರಿನ ಬಾಟಲಿಗೆ ತೂಗುಪಟ್ಟಿ, ಟಾರ್ಚಿಗೆ, ದಿಕ್ಸೂಚಿಗೆ ಚೀಲ ಇವೆಲ್ಲ ಉಳಿದ ತುಂಡುಗಳಲ್ಲೇ ಆಗುತ್ತವೆ. ತೊಗಟೆಯಲ್ಲಿ ಹದವಾದ ತೊಗಲನ್ನು ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಸುತ್ತಿದ ಟಾರ್ಚಿನ ಮೇಲೆ ಒತ್ತಿ ನೆರಳಿನಲ್ಲಿ ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅದನ್ನು ಬೆಲ್ಟಿಗೆ ಸಿಕ್ಕಿಸಿದ ಹುಡುಗ ತನಗೆ ತಿಳಿಯದೆಯೇ ಗಣಿಯ ಅಜ್ಜನಂತೆ ಬೆಳಕನ್ನು ಸೊಂಟಕ್ಕೆ ಕಟ್ಟಿರುತ್ತಾನೆ.

ಹವ್ಯಾಸ ಯಾರದು, ಕಸುಬು ಯಾರದು?

ಇಷ್ಟೆಲ್ಲ ಓದಿದ ಮೇಲೂ ಕೆಲವು ಮನೆಗಳಲ್ಲಿ ಅನುಮಾನ ಏಳುತ್ತದೆ. ‘ತೊಗಲು ಮುಟ್ಟುವ ಕೆಲಸ ನಮ್ಮ ಮಗುವಿಗೇಕೆ?’ ಹೀಗೆನ್ನುವವರಲ್ಲಿ ಎರಡು ಬಗೆ. ತೊಗಲು ಮೈಲಿಗೆ ಎಂದು ಬಗೆದವರು ಕೆಲವರು. ಆ ಮೈಲಿಗೆಯ ಹೆಸರಿನಲ್ಲಿ ತಲೆಮಾರುಗಳ ಕಾಲ ಅವಮಾನ ಉಂಡು, ಮಕ್ಕಳನ್ನು ಓದಿಸಿ ಅದರಿಂದ ದೂರ ತಂದವರು ಇನ್ನು ಕೆಲವರು. ಗಣಿಯ ಕಾರ್ಮಿಕರಲ್ಲಿ ದೊಡ್ಡ ಪಾಲು ತಮಿಳು ಜಿಲ್ಲೆಗಳಿಂದ ಬಂದ ದಲಿತ ಕುಟುಂಬಗಳದಾಗಿದ್ದ ಕೆಜಿಎಫ್‌ನಲ್ಲಿ ಈ ಎರಡನೆಯ ಮಾತಿಗೆ ತೂಕವಿದೆ. ಮೊದಲನೆಯದು ಬರೀ ಅಜ್ಞಾನ, ಎರಡನೆಯದು ನೋವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಕನ್ನಡ ನಾಡು ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲೇ ಎದುರಿಸಿತ್ತು. ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗುಂಟ ಎಂಬ ತನ್ನ ಕಸುಬಿನ ಸಲಕರಣೆಗಳನ್ನು ಸೇರಿಸಿಕೊಂಡ. ಪಾದರಕ್ಷೆ ಹೊಲಿಯುತ್ತಿದ್ದ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗಾಗಿ ಅವರಿಬ್ಬರೂ ಪ್ರಾಣ ತೆತ್ತರೆಂದು ಶರಣ ಪರಂಪರೆ ಹೇಳುತ್ತದೆ.

ನಮ್ಮ ಕಾಲಕ್ಕೆ ಬಂದರೆ, ಆಂಧ್ರದ ರೈತ ಮನೆತನದ ವೈ. ನಾಯುಡಮ್ಮ ತೊಗಲಿನ ವಿಜ್ಞಾನವನ್ನೇ ಆರಿಸಿಕೊಂಡು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು, ಮುಂದೆ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿಗೇ ಮುಖ್ಯಸ್ಥರಾದರು. 1948ರಲ್ಲಿ ಆರಂಭವಾದ ಆ ಸಂಸ್ಥೆಯ ನೆರೆಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಚರ್ಮ ತಂತ್ರಜ್ಞಾನದ ಬಿ.ಟೆಕ್. ಪದವಿಯೂ ಇದೆ. ಕರ್ನಾಟಕದಲ್ಲಿ 1976ರಲ್ಲಿ ಲಿಡ್ಕರ್ ನಿಗಮ ಹುಟ್ಟಿದ್ದು ಈ ಕಸುಬಿನವರಿಗಾಗಿಯೇ.

ಉಳ್ಳವರ ಮಗ ಬೆಲ್ಟು ಹೊಲಿದರೆ ‘ಹವ್ಯಾಸ’ ಎಂದು ಮೆಚ್ಚುವ ಜನ, ಬಸ್‌ಸ್ಟ್ಯಾಂಡಿನ ನೆರಳಿನಲ್ಲಿ ಕೂತು ಚಪ್ಪಲಿ ಹೊಲಿಯುವವನ ಹೆಸರನ್ನೂ ಕೇಳುವುದಿಲ್ಲ. ಹೊಲಿಗೆ ಮಾತ್ರ ಇಬ್ಬರದೂ ಒಂದೇ. ಮೊದಲ ಬೆಲ್ಟಿಗೆ ಕೈಹಾಕುವ ವಿದ್ಯಾರ್ಥಿ ಅದಕ್ಕೆ ಮುನ್ನ ಆತನ ಬಳಿ ಅರ್ಧ ಗಂಟೆ ಕೂತು ಉಳಿ ಹಿಡಿಯುವ ಬಗೆ ನೋಡಲಿ, ಕಲಿಸಿದ್ದಕ್ಕೆ ತಕ್ಕ ಸಂಭಾವನೆ ಕೊಡಲಿ. ಗುರುವಿನ ಹೆಸರು ಕೇಳಿ ತಿಳಿದುಕೊಳ್ಳುವುದನ್ನಂತೂ ಮರೆಯದಿರಲಿ.