ಮೊರದ ಫ್ಯಾನು, ಗುಡಿಯ ಫ್ಯಾನು

ಚಿತ್ರದುರ್ಗದ ಪೇಟೆ ಬಿಟ್ಟು ಸುಮಾರು 10 ಕಿಲೋಮೀಟರು ಸಾಗಿದರೆ ಜೋಗಿಮಟ್ಟಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಿಗೂ ಮೈಚಾಚಿರುವ ಈ ಕಾಡುಗುಡ್ಡಗಳ ಮೇಲೆ ಗಾಳಿಗೆ ಬಿಡುವೆಂಬುದೇ ಇಲ್ಲ. ಆಷಾಢದಲ್ಲಂತೂ ಹೆಗಲ ಮೇಲಿನ ವಸ್ತ್ರವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಾತನಾಡಬೇಕು. ಆ ಗುಡ್ಡಗಳ ಸಾಲಿನಲ್ಲಿ ಎತ್ತರವಾದ ಬಿಳಿಯ ಕಂಬಗಳು. ಒಂದೊಂದರ ತುದಿಯಲ್ಲಿಯೂ ಮೂರು ಮೂರು ರೆಕ್ಕೆಗಳು. ವಿದ್ಯುತ್ತನ್ನು ಹುಟ್ಟಿಸುವ ಗಾಳಿಯಂತ್ರಗಳು ಅವು. ಜನರ ಬಾಯಲ್ಲಿ ಮಾತ್ರ ಅವಕ್ಕೆ ‘ಫ್ಯಾನು’ ಎಂದೇ ಹೆಸರು.

ರಜೆಯಲ್ಲಿ ಗುಡ್ಡ ನೋಡಲು ಬಂದ ಸಂಸಾರವೊಂದರಲ್ಲಿ ಎಂಟು ವರ್ಷದ ಹುಡುಗನಿದ್ದಾನೆಂದುಕೊಳ್ಳಿ. ಅವನು ತಂದೆಯನ್ನು ಕೇಳಿಯೇ ಕೇಳುತ್ತಾನೆ: “ಅಪ್ಪಾ, ಇಲ್ಲಿ ಇಷ್ಟೊಂದು ಗಾಳಿ ಇದೆಯಲ್ಲ, ಮತ್ತೆ ಫ್ಯಾನು ಯಾಕೆ ಹಾಕಿದ್ದಾರೆ?”

ನಗುವ ಪ್ರಶ್ನೆಯಲ್ಲ ಇದು. ಮನೆಯ ಫ್ಯಾನು ವಿದ್ಯುತ್ತನ್ನು ಉಂಡು ಗಾಳಿಯನ್ನು ಕೊಡುತ್ತದೆ. ಗುಡ್ಡದ ಫ್ಯಾನು ಗಾಳಿಯನ್ನು ಉಂಡು ವಿದ್ಯುತ್ತನ್ನು ಕೊಡುತ್ತದೆ. ರೂಪ ಒಂದೇ, ಕೆಲಸ ತಲೆಕೆಳಗು. ಹೆಸರನ್ನು ನಂಬಿದ ಹುಡುಗ ಎಡವಿದ್ದು ಸಹಜವೇ.

ಇಂಗ್ಲಿಷ್ ನಿಘಂಟುಗಳನ್ನು ತೆರೆದರೆ ‘ಫ್ಯಾನ್’ ಎಂಬ ಮಾತು ಎರಡು ಕಡೆ ಬೇರೆ ಬೇರೆಯಾಗಿ ನಮೂದಾಗಿರುತ್ತದೆ. ಬರಹವೂ ಉಚ್ಚಾರವೂ ಒಂದೇ ಆದರೂ ಅವು ಒಂದೇ ಮಾತಲ್ಲವೆಂದು ನಿಘಂಟುಕಾರರು ಹಾಗೆ ಬೇರ್ಪಡಿಸಿರುವರು.

ಮೊದಲನೆಯದು ಬಹಳ ಹಳೆಯದು. ಲ್ಯಾಟಿನ್ ಭಾಷೆಯಲ್ಲಿ ‘ವನ್ನುಸ್’ ಎಂದರೆ ಮೊರ. ಒಕ್ಕಿದ ಕಾಳನ್ನು ಹಾರಿಸಿ ಹೊಟ್ಟನ್ನು ಬೇರ್ಪಡಿಸುವ ಅಗಲವಾದ ಬುಟ್ಟಿ. ಅದು ಹಳೆಯ ಇಂಗ್ಲಿಷಿಗೆ ಬಂದಾಗಲೂ ಅರ್ಥ ಮೊರವೇ. ಎಷ್ಟೋ ಶತಮಾನ ಕಳೆದ ಮೇಲೆ ಕೈಯಲ್ಲಿ ಹಿಡಿಯುವ ಬೀಸಣಿಗೆಗೆ ಆ ಹೆಸರು ಅಂಟಿತು; ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ವಿದ್ಯುತ್ತಿನಿಂದ ತಿರುಗುವ ಯಂತ್ರಕ್ಕೂ ಬಂದಿತು. ರೋಮನ್ನರು ಬ್ಯಾಕಸ್ ದೇವತೆಯ ಆಚರಣೆಗಳಲ್ಲಿ ಈ ಮೊರವನ್ನು ಪವಿತ್ರವೆಂದು ಭಾವಿಸಿದ್ದರು. ಗೌರೀಹಬ್ಬದ ದಿನ ಸೆರಗಿನ ಮರೆಯಲ್ಲಿ ಮೊರದ ಬಾಗಿನ ಕೊಡುವ ನಮ್ಮ ಗೃಹಿಣಿಯರಿಗೆ ಇದೇನೂ ವಿಚಿತ್ರವೆನಿಸದು.

ಎರಡನೆಯ ಫ್ಯಾನಿಗೆ ಮೊರದ ಗಾಳಿಯೂ ಸೋಂಕಿಲ್ಲ. ಅದೇ ಲ್ಯಾಟಿನ್ನಿನಲ್ಲಿ ‘ಫಾನುಮ್’ ಎಂದರೆ ಗುಡಿ. ಗುಡಿಯ ದೇವರು ಮೈಮೇಲೆ ಬಂದು ಆವೇಶಗೊಂಡವನು ‘ಫನಾಟಿಕುಸ್’. ನಮ್ಮ ಜಾತ್ರೆಗಳಲ್ಲಿ ತಮಟೆಯ ಸದ್ದು ಏರಿದಂತೆ ಮೈತುಂಬಿ ಕುಣಿಯುವವರನ್ನು ನೆನೆದರೆ ಆ ಮಾತಿಗೆ ಬೇರೆ ವಿವರಣೆ ಬೇಡ. ಇಂಗ್ಲಿಷಿನಲ್ಲಿ ಇದು ಮತಾಂಧನೆಂಬ ಅರ್ಥದ ‘ಫನಾಟಿಕ್’ ಆಯಿತು. 1880ರ ದಶಕದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ಮೈದಾನಗಳ ಸುತ್ತ ಅದರ ಬಾಲವನ್ನು ಕತ್ತರಿಸಿ, ಆಟದ ಹುಚ್ಚು ಹಿಡಿದವರನ್ನು ‘ಫ್ಯಾನ್’ ಎಂದು ಕರೆಯತೊಡಗಿದರೆಂಬುದು ಬಹುಮಂದಿ ವಿದ್ವಾಂಸರ ಮತ.

ಈ ಎರಡನೆಯ ಜಾತಿಯ ಫ್ಯಾನುಗಳಿಗೂ ಚಿತ್ರದುರ್ಗದಲ್ಲಿ ಕೊರತೆಯಿಲ್ಲ. ಆ ಊರಿನ ಹೆಸರನ್ನು ಮನೆಮನೆಗೆ ಮುಟ್ಟಿಸಿದ ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಚಿತ್ರವನ್ನು ನಿರ್ದೇಶಿಸಿದರು. ಅದು 1972ರಲ್ಲಿ ತೆರೆಕಂಡಿತು. ಕೋಟೆಯ ಬಂಡೆಗಳ ನಡುವೆ ಓಡಾಡಿದ ರಾಮಾಚಾರಿಯ ಪಾತ್ರದಿಂದ ವಿಷ್ಣುವರ್ಧನರು ನಾಯಕನಟರಾದರು. ಆ ಚಿತ್ರವನ್ನು ಕಂಡು ಅವರಿಗೆ ಮನಸೋತವರ ಮಕ್ಕಳೂ ಈಗ ತಾವು ಫ್ಯಾನುಗಳೆಂದು ಹೇಳಿಕೊಳ್ಳುವುದುಂಟು.

ಹೇಳಿಕೊಳ್ಳಲಿ, ಆದರೆ ಕನ್ನಡದಲ್ಲಿ ಅದಕ್ಕೊಂದು ಸೊಗಸಾದ ಮಾತಿದೆ: ಅಭಿಮಾನಿ. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿ ಅಭಿಮಾನವೆಂದರೆ ‘ನಾನು, ನನ್ನದು’ ಎಂಬ ಅಹಂಕಾರ, ಬಿಡಬೇಕಾದ ದೋಷ. ಕನ್ನಡಿಗರು ಆ ದೋಷವನ್ನು ತಿದ್ದಿ, ಪ್ರೀತಿ ಗೌರವಗಳನ್ನು ತುಂಬಿ ಬಳಕೆಗೆ ತಂದರು. ಫ್ಯಾನಿನಲ್ಲಿ ಆವೇಶವಿದೆ, ಅಭಿಮಾನಿಯಲ್ಲಿ ಮಾನವಿದೆ. 2006ರಲ್ಲಿ ಅಗಲಿದ ರಾಜಕುಮಾರರು ತಮ್ಮನ್ನು ಮೆಚ್ಚಿದವರನ್ನು ‘ಅಭಿಮಾನಿ ದೇವರುಗಳು’ ಎಂದೇ ಕರೆಯುತ್ತಿದ್ದರು. ರೋಮನ್ನರ ಗುಡಿಯಲ್ಲಿ ದೇವರು ಭಕ್ತನ ಮೈಮೇಲೆ ಬಂದರೆ, ಇಲ್ಲಿ ಭಕ್ತರೇ ದೇವರಾಗಿ ಗುಡಿಯೊಳಗೆ ಕುಳಿತರು! ಫ್ಯಾನ್ ಎಂಬ ಮಾತಿನ ಹುಟ್ಟನ್ನು ತಿಳಿಯದೆಯೇ ಆಡಿದ ಮಾತಾದರೂ ಅದರ ಬೇರಿಗೇ ಹೋಗಿ ತಾಗಿದೆ.

ಮತ್ತೆ ಗುಡ್ಡದ ಮೇಲಿನ ಹುಡುಗನ ಬಳಿಗೆ. ಅವನ ತೊಡಕನ್ನು ಬಿಡಿಸಲು ಕನ್ನಡದಲ್ಲಿ ‘ಬೀಸು’ ಎಂಬ ಒಂದು ಮಾತು ಸಾಕು. ಗಾಳಿ ಬೀಸುತ್ತದೆ, ಅಜ್ಜಿ ಬೀಸಣಿಗೆ ಬೀಸುತ್ತಾಳೆ, ಬೆಸ್ತ ಬಲೆ ಬೀಸುತ್ತಾನೆ, ನಸುಕಿನಲ್ಲೆದ್ದ ಹೆಂಗಸು ಕಲ್ಲಿನಲ್ಲಿ ರಾಗಿ ಬೀಸುತ್ತಾಳೆ. ಮೇಲುನೋಟಕ್ಕೆ ಇವೂ ಫ್ಯಾನಿನಂತೆ ಒಂದಕ್ಕೊಂದು ಸಂಬಂಧವಿಲ್ಲದ ಅರ್ಥಗಳು. ಆದರೆ 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ನೋಡಿದರೆ ತಿರುಗಿಸು, ಝಳಪಿಸು ಎಂಬ ಒಂದೇ ಮೂಲದಿಂದ ಇವೆಲ್ಲ ಕವಲೊಡೆದಿರುವುದು ಕಾಣುತ್ತದೆ. ನೆರೆಯ ತೆಲುಗಿನ ‘ವಿಸುರು’ ಎಂಬ ಮಾತಿಗೂ ಗಾಳಿ ಹಾಕುವುದು, ಹಿಟ್ಟು ಬೀಸುವುದು ಎಂಬ ಎರಡರ್ಥಗಳುಂಟು. ಇಂಗ್ಲಿಷಿನಲ್ಲಿ ಬೇರೆ ಬೇರೆ ಮನೆಯ ಇಬ್ಬರು ಆಕಸ್ಮಿಕವಾಗಿ ಒಂದೇ ಹೆಸರಿಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಕಸುಬು ಹಿಡಿದಿದ್ದಾರೆ.

ಯೂರೋಪಿನ ಹಳೆಯ ಗಾಳಿಯಂತ್ರಗಳಲ್ಲಿ ಗಾಳಿಯೇ ರೆಕ್ಕೆಯನ್ನು ತಿರುಗಿಸಿ, ಒಳಗಿನ ಕಲ್ಲಿನಿಂದ ಗೋದಿಯನ್ನು ಬೀಸಿಸುತ್ತಿತ್ತು. ಜೋಗಿಮಟ್ಟಿಯಲ್ಲಿ ಕಲ್ಲಿನ ಜಾಗದಲ್ಲಿ ವಿದ್ಯುಜ್ಜನಕವಿದೆ, ಅಷ್ಟೆ. ತಂದೆ ಮಗನಿಗೆ ಹೇಳಬೇಕಾದದ್ದು ಇಷ್ಟೇ: “ಅದು ಗಾಳಿ ಬೀಸೋದಿಲ್ಲ ಮಗು, ಬೀಸೋ ಗಾಳಿ ಅದನ್ನ ತಿರುಗಿಸ್ತಾ ಇದೆ. ನಿಮ್ಮಜ್ಜಿ ಬೀಸೋ ಕಲ್ಲಿನ ಗೂಟ ಹಿಡಿದು ತಿರುಗಿಸ್ತಿದ್ದರಲ್ಲ, ಹಾಗೆ.”

ಹುಡುಗ ಬೀಸುವ ಕಲ್ಲನ್ನು ಕಂಡಿದ್ದರೆ ಸರಿ. ಕಾಣದಿದ್ದರೆ ಊರಿಗೆ ಮರಳಿದ ಮೇಲೆ ಯಾರ ಮನೆಯ ಹಿತ್ತಿಲಲ್ಲಾದರೂ ಹುಡುಕಿ ತೋರಿಸಬೇಕಾದೀತು.